ವಿಶಿಯ ತೊಂಬತ್ತೇಳಕ್ಕೆ ಎಷ್ಟು ಬೆಲೆ?

ಮುಂಬಯಿಯಲ್ಲಿ ಕನ್ನಡಿಗನಾಗಿ ಬದುಕುವುದು ಕಷ್ಟದ ಕೆಲಸವೇನಲ್ಲ. ದಹಿಸರ್‌ನಲ್ಲಂತೂ ಬೆಳಿಗ್ಗೆ ಮನೆಯಿಂದ ಕೆಳಗಿಳಿದರೆ ಇಡ್ಲಿ-ವಡೆ ಸಿಗುತ್ತದೆ. ಹೋಟೆಲಿನ ಗಲ್ಲಾದಲ್ಲಿ ಕೂತವರು ಕುಂದಾಪುರದ ಕಡೆಯವರಾದರೆ ‘ಎಂತ ಮಾರಾಯ್ರೆ, ಊರಿಗೆ ಹೋಗಿದ್ರಾ?’ ಎಂಬ ಮಾತೂ ಸಿಗುತ್ತದೆ. ಕಷ್ಟವಾಗುವುದು ಕ್ರಿಕೆಟ್ ಮಾತು ಬಂದಾಗ. ಇದು 42 ಸಲ ರಣಜಿ ಟ್ರೋಫಿ ಗೆದ್ದ ಊರು. ನಮ್ಮ ಲೆಕ್ಕ 8. ಪಶ್ಚಿಮ ರೈಲ್ವೆಯ ಹಳಿಯ ಮೇಲೆ ಮುಂಬಯಿ ಮುಗಿಯುವುದು ದಹಿಸರ್‌ನಲ್ಲಿ; ಮುಂದಿನ ಮೀರಾ ರೋಡ್ ಠಾಣೆ ಜಿಲ್ಲೆಗೆ ಸೇರಿದ್ದು. ಹಿಂದಿನ ಸ್ಟೇಷನ್ ಬೋರಿವಲಿ, ರೋಹಿತ್ ಶರ್ಮಾ ಅಜ್ಜ-ಅಜ್ಜಿಯ ಮನೆಯಲ್ಲಿ ಬೆಳೆದ ಜಾಗ. ಹೀಗಾಗಿ ಇಲ್ಲಿ ಕ್ರಿಕೆಟ್ ಬಗ್ಗೆ ಬಾಯಿ ತೆರೆಯುವ ಹೊರಗಿನವನು ಸ್ವಲ್ಪ ತಯಾರಿ ಮಾಡಿಕೊಂಡೇ ಬರಬೇಕು.

ದಹಿಸರ್ ಪೂರ್ವದಿಂದ ಅಂಧೇರಿ ಪಶ್ಚಿಮಕ್ಕೆ ಹೋಗುವ ಮೆಟ್ರೊದಲ್ಲಿ ನಾನು ಮಲಾಡ್‌ವರೆಗೆ ಪಯಣಿಸುತ್ತೇನೆ. ಬೋರಿವಲಿಯಲ್ಲಿ ಹತ್ತುವ ನನ್ನ ಮರಾಠಿ ಸಹೋದ್ಯೋಗಿಯದು ದಾದರ್ ಮೂಲದ ಮನೆತನ. ಅವನ ತಂದೆ ಶಿವಾಜಿ ಪಾರ್ಕಿನಲ್ಲಿ ಆಡಿದವರು. ಅವನಿಗೆ ಆಟಗಾರನ ಬೆಲೆ ಗೊತ್ತಾಗುವುದು ಎರಡು ವಿಧದಲ್ಲಿ: ಒಂದು ಶತಕಗಳ ಎಣಿಕೆ, ಇನ್ನೊಂದು ‘ನೋಡಿದರೆ ಗೊತ್ತಾಗುತ್ತದೆ’ ಎಂಬ ನಂಬಿಕೆ. ನಾನು ಡೇಟಾ ಕೆಲಸ ಮಾಡುವವನು, ಎಕ್ಸೆಲ್ ಶೀಟು ತೆರೆಯದೆ ತರಕಾರಿಯನ್ನೂ ಕೊಳ್ಳುವುದಿಲ್ಲ ಎಂದು ನನ್ನ ಹೆಂಡತಿ ತಮಾಷೆ ಮಾಡುತ್ತಾಳೆ. ಹಾಗಾಗಿ ನಮ್ಮಿಬ್ಬರ ವಾದ ಕಣ್ಣು ದೊಡ್ಡದೋ ಅಂಕಿ ದೊಡ್ಡದೋ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಮಲಾಡ್ ಬರುವ ತನಕ ಯಾರೂ ಸೋಲುವುದಿಲ್ಲ.

ಈ ವಾದಕ್ಕೆ ನಾನು ಕೊಂಡೊಯ್ಯುವ ಮೊದಲ ಸಾಕ್ಷಿ ನಮ್ಮೂರಿನವರು. ನಮ್ಮದು ಭದ್ರಾವತಿ, ಗುಂಡಪ್ಪ ರಂಗನಾಥ ವಿಶ್ವನಾಥ್ ಹುಟ್ಟಿದ ಊರು. ನಮ್ಮ ಮನೆಯಲ್ಲಿ ಅವರು ವಿಶ್ವನಾಥ್ ಅಲ್ಲ, ‘ವಿಶಿ’. ನಾನು ಹುಟ್ಟುವ ಹೊತ್ತಿಗೆ ಅವರ ಟೆಸ್ಟ್ ಆಟ ಮುಗಿದಿತ್ತು, ಆದರೆ 1975ರ ಜನವರಿಯ ಮದ್ರಾಸ್ ಟೆಸ್ಟನ್ನು ಅಪ್ಪ ರೇಡಿಯೊದಲ್ಲಿ ಕೇಳಿದ್ದನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಕಾಮೆಂಟರಿ ನನ್ನ ಕಿವಿಗೇ ಬಿದ್ದ ಹಾಗಿದೆ. ಎದುರಿಗೆ ವೆಸ್ಟ್ ಇಂಡೀಸ್. ಆ್ಯಂಡಿ ರಾಬರ್ಟ್ಸ್ 64 ರನ್‌ಗೆ 7 ವಿಕೆಟ್ ಕಿತ್ತ ಇನಿಂಗ್ಸ್ ಅದು. ಭಾರತ 190ಕ್ಕೆ ಆಲೌಟ್. ಅದರಲ್ಲಿ ವಿಶಿಯವರದು ಔಟಾಗದೆ 97. ಕೊನೆಯಲ್ಲಿ ಜೊತೆಗಿದ್ದವರು ನಮ್ಮವರೇ ಆದ ಬಿ.ಎಸ್. ಚಂದ್ರಶೇಖರ್. ಟೆಸ್ಟ್ ಜೀವನವಿಡೀ 242 ವಿಕೆಟ್ ಪಡೆದು 167 ರನ್ ಮಾತ್ರ ಗಳಿಸಿದ ಮಹಾನುಭಾವ! ವಿಶಿಗೆ ಇನ್ನು ಮೂರು ರನ್ ಬೇಕಿತ್ತು, ಚಂದ್ರ ಔಟಾದರು. ಆ ಪಂದ್ಯವನ್ನು ಭಾರತ 100 ರನ್‌ಗಳಿಂದ ಗೆದ್ದಿತು.

ಈಗ ಹಳೆಯ ಲೆಕ್ಕದ ಪುಸ್ತಕ ತೆಗೆಯಿರಿ. ಶತಕಗಳ ಕಾಲಂನಲ್ಲಿ ಈ ಇನಿಂಗ್ಸ್‌ಗೆ ಸೊನ್ನೆ. ಅರ್ಧಶತಕಗಳ ಕಾಲಂನಲ್ಲಿ ಒಂದು. ಸಪ್ಪೆ ಪಿಚ್‌ನಲ್ಲಿ ಡ್ರಾ ಆಗುತ್ತಿದ್ದ ಪಂದ್ಯದ ಕೊನೆಯ ದಿನ ಯಾರೋ ಹೊಡೆದ 51ಕ್ಕೂ ಅದೇ ಒಂದು. ವಿಶಿ 91 ಟೆಸ್ಟ್‌ಗಳಲ್ಲಿ 6,080 ರನ್ ಗಳಿಸಿದರು, ಸರಾಸರಿ 41.93, ಶತಕ 14. ಅವರ ಬಾವ ಸುನಿಲ್ ಗಾವಸ್ಕರ್ ಅವರದು 10,122 ರನ್, 51.12, ಶತಕ 34. (ಗಾವಸ್ಕರ್ ಅವರ ತಂಗಿಯನ್ನು ವಿಶಿ ಮದುವೆಯಾಗಿದ್ದರಿಂದ ಮುಂಬಯಿ-ಕರ್ನಾಟಕ ವಾದ ಆ ಮನೆಯೊಳಗೂ ನಡೆದಿರಬೇಕು ಎಂಬುದು ನನ್ನ ಊಹೆ.) ಸಾಲಾಗಿ ಬರೆದರೆ ಗಾವಸ್ಕರ್ ಎಷ್ಟೋ ಮುಂದೆ, ಅದರಲ್ಲಿ ತಕರಾರಿಲ್ಲ. ಆದರೆ ವಿಶಿ ಶತಕ ಹೊಡೆದ ಒಂದು ಟೆಸ್ಟನ್ನೂ ಭಾರತ ಸೋಲಲಿಲ್ಲ ಎಂಬುದು ಆ ಸಾಲಿನಲ್ಲಿ ಕಾಣಿಸುವುದಿಲ್ಲ.

ಇಲ್ಲಿ ಒಂದು ಸ್ವಾರಸ್ಯವಿದೆ. ಆ 97ಕ್ಕೆ ಸಲ್ಲಬೇಕಾದ ಮರ್ಯಾದೆಯನ್ನು ಲೆಕ್ಕದ ಭಾಷೆಯಲ್ಲಿ ಕೊಡಿಸಿದ್ದು ಹೊಸ ಬಗೆಯ ಅಂಕಿಅಂಶ. 2001ರಲ್ಲಿ ‘ವಿಸ್ಡನ್ 100’ ಎಂಬ ಪಟ್ಟಿ ಬಂತು. ರನ್ ಎಷ್ಟು ಎಂದಷ್ಟೇ ನೋಡದೆ, ಎದುರಾಳಿ ಬೌಲಿಂಗ್ ಎಷ್ಟು ಬಲವಾಗಿತ್ತು, ಪಿಚ್ ಹೇಗಿತ್ತು, ತಂಡದ ಮೊತ್ತದಲ್ಲಿ ಈತನ ಪಾಲೆಷ್ಟು, ಪಂದ್ಯ ಏನಾಯಿತು ಎಂದೆಲ್ಲ ಅಂಕ ಹಾಕಿ ಟೆಸ್ಟ್ ಇತಿಹಾಸದ ನೂರು ಶ್ರೇಷ್ಠ ಇನಿಂಗ್ಸ್‌ಗಳನ್ನು ಆರಿಸಿದ ಪಟ್ಟಿ ಅದು. ವಿಶಿಯ 97ಕ್ಕೆ ಅದರಲ್ಲಿ 38ನೇ ಸ್ಥಾನ. ತಂಡದ 190ರಲ್ಲಿ 97 ಎಂದರೆ ಅರ್ಧಕ್ಕಿಂತ ಹೆಚ್ಚು. ಉಳಿದ ಹತ್ತು ಮಂದಿ ಮತ್ತು ಇತರೆ ರನ್ ಎಲ್ಲ ಸೇರಿ 93. ಕಣ್ಣಾರೆ ಕಂಡವರು ಮತ್ತು ರೇಡಿಯೊದಲ್ಲಿ ಕೇಳಿದವರು ಇಪ್ಪತ್ತಾರು ವರ್ಷ ಹೇಳುತ್ತಿದ್ದುದನ್ನೇ ಲೆಕ್ಕ ಕೊನೆಗೆ ಒಪ್ಪಿಕೊಂಡಿತು. ಅಂದರೆ ಇಲ್ಲಿ ಕಣ್ಣು ಮತ್ತು ಹೊಸ ಅಂಕಿ ಒಂದೇ ಪಕ್ಷ. ಹಳೆಯ ಅಂಕಿ ಮಾತ್ರ ಆಚೆ ಬದಿಯಲ್ಲಿತ್ತು. ‘ಕಣ್ಣೋ ಅಂಕಿಯೋ’ ಎಂದು ವಾದಿಸುವವರು ಇದನ್ನು ಗಮನಿಸುವುದಿಲ್ಲ.

ಅದೇ ಪಟ್ಟಿ ದೇಶದ ತುಂಬ ರಂಪ ಎಬ್ಬಿಸಿತು. ನೂರು ಇನಿಂಗ್ಸ್‌ಗಳಲ್ಲಿ ಸಚಿನ್ ತೆಂಡೂಲ್ಕರ್ ಅವರದು ಒಂದೂ ಇರಲಿಲ್ಲ! ಮುಂಬಯಿಯವರಿಗೆ ಇದನ್ನು ಇವತ್ತು ನೆನಪಿಸಿದರೂ ಮುಖ ಕೆಂಪಾಗುತ್ತದೆ. ನನ್ನ ಮೆಟ್ರೊ ಸ್ನೇಹಿತ ಆಗ ಶಾಲೆಯಲ್ಲಿದ್ದನಂತೆ. ಅವನ ತಂದೆ ಒಂದು ವಾರ ಪೇಪರ್ ಓದುವುದನ್ನೇ ಬಿಟ್ಟರಂತೆ. ಅವರ ಸಿಟ್ಟಿಗೆ ಕಾರಣವಾದ ಇನಿಂಗ್ಸ್‌ನ ಕತೆಯಲ್ಲಿ ನಾವು ಕನ್ನಡಿಗರು ಬರುತ್ತೇವೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1999ರ ಜನವರಿ, ಅದೇ ಚೆಪಾಕ್. ಪಾಕಿಸ್ತಾನದ ವಿರುದ್ಧ ಗೆಲ್ಲಲು 271 ಬೇಕು. ಬೆನ್ನು ನೋವಿನಲ್ಲೇ ಸಚಿನ್ 136 ಹೊಡೆದರು. ಅವರು ಔಟಾದಾಗ ತಂಡ 7 ವಿಕೆಟ್‌ಗೆ 254. ಬೇಕಾದದ್ದು 17 ರನ್, ಕೈಯಲ್ಲಿ 3 ವಿಕೆಟ್. ಉಳಿದವರು ಯಾರು? ಸುನಿಲ್ ಜೋಶಿ, ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್, ವೆಂಕಟೇಶ್ ಪ್ರಸಾದ್. ನಾಲ್ಕೂ ಮಂದಿ ಕರ್ನಾಟಕದವರು. 258ಕ್ಕೆ ಎಲ್ಲ ಮುಗಿಯಿತು, 12 ರನ್‌ಗಳ ಸೋಲು. ‘ನಿಮ್ಮ ನಾಲ್ಕು ಜನ ಸೇರಿ ಹದಿನೇಳು ಹೊಡೆಯಲಿಲ್ಲ, ಅದಕ್ಕೆ ನಮ್ಮ ಸಚಿನ್‌ಗೆ ಅಂಕ ಕಡಿಮೆ’ ಎಂಬುದು ಮೆಟ್ರೊದಲ್ಲಿ ನಾನು ಕೇಳುವ ಖಾಯಂ ಮಾತು. ನಾನು ಆಗ 1996ರ ಅಕ್ಟೋಬರ್ ತೆಗೆಯುತ್ತೇನೆ. ಟೈಟನ್ ಕಪ್, ಬೆಂಗಳೂರು, ಎದುರಿಗೆ ಆಸ್ಟ್ರೇಲಿಯಾ, ಗುರಿ 216. ಸಚಿನ್ 88 ಹೊಡೆದು ಔಟಾದಾಗ 8 ವಿಕೆಟ್‌ಗೆ 164. ಜನ ಟಿ.ವಿ. ಆರಿಸಿದ್ದರು. ಶ್ರೀನಾಥ್ ಮತ್ತು ಕುಂಬ್ಳೆ ಮುರಿಯದ ಜೊತೆಯಾಟದಲ್ಲಿ 52 ರನ್ ಸೇರಿಸಿ ಗೆಲ್ಲಿಸಿದರು.

ಈ ಎರಡು ಪಂದ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಸಚಿನ್ ತಮ್ಮ ಕೆಲಸ ಮಾಡಿ, ಕೆಲಸ ಮುಗಿಯುವ ಮೊದಲೇ ಪೆವಿಲಿಯನ್ ಸೇರಿದರು. ನಿಜಕ್ಕೂ ಗೆಲುವಿಗೆ ಹೆಚ್ಚು ಹತ್ತಿರ ತಂದು ನಿಲ್ಲಿಸಿದ್ದು ಚೆನ್ನೈಯಲ್ಲಿ. ಆದರೆ ಬೆಂಗಳೂರಿನ 88 ‘ಗೆಲುವಿನ ಇನಿಂಗ್ಸ್’, ಚೆನ್ನೈಯ 136 ‘ಸೋಲಿನ ಇನಿಂಗ್ಸ್’. ಫಲಿತಾಂಶಕ್ಕೆ ಅಂಕ ಕೊಡುವ ಯಾವ ಸೂತ್ರವಾದರೂ ಸಚಿನ್ ಅವರ ಬೆಲೆಯ ಒಂದು ಭಾಗವನ್ನು ಶ್ರೀನಾಥ್ ಅವರ ಬ್ಯಾಟಿನ ಮೇಲೆ ನಿಲ್ಲಿಸುತ್ತದೆ. ಇನ್ನೊಂದು ಕಡೆ ಫಲಿತಾಂಶವನ್ನು ಪೂರ್ತಿ ಬಿಟ್ಟರೆ ವಿಶಿಯ 97ರ ಒಂದು ಮುಖ್ಯ ಗುಣವೇ ಕಳೆದುಹೋಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಔಟಾಗಿ ಹೊರಟ ಕ್ಷಣಕ್ಕೆ ತಂಡ ಗೆಲುವಿಗೆ ಎಷ್ಟು ಹತ್ತಿರವಿತ್ತು ಎಂದು ಅಳೆಯಬೇಕು. ಆಮೇಲೆ ಬಂದವರ ಪಾಪ-ಪುಣ್ಯ ಅವರವರಿಗೆ. ಆ ಲೆಕ್ಕದಲ್ಲಿ ಚೆನ್ನೈಯ 136 ಪಟ್ಟಿಯಲ್ಲಿರಬೇಕಿತ್ತು. ಇದನ್ನು ನಾನು ಮೆಟ್ರೊದಲ್ಲಿ ಒಪ್ಪಿಕೊಳ್ಳುವುದಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಕನ್ನಡ ಅವನಿಗೆ ಬರುವುದಿಲ್ಲ. ಅಂದಹಾಗೆ, ಚೆನ್ನೈಯಲ್ಲಿ ಒಂದು ರನ್‌ಗೆ ಔಟಾದ ಕುಂಬ್ಳೆ ಮುಂದಿನ ವಾರವೇ ದೆಹಲಿಯಲ್ಲಿ 74ಕ್ಕೆ 10 ವಿಕೆಟ್ ಪಡೆದರು. ವಿಸ್ಡನ್‌ನ ಬೌಲಿಂಗ್ ಪಟ್ಟಿಯಲ್ಲಿ ಅದಕ್ಕೆ ಎರಡನೇ ಸ್ಥಾನ ಸಿಕ್ಕಿತು.

ಆಟಗಾರನ ಬೆಲೆಯ ಬಗ್ಗೆ ಅತಿ ಹೆಚ್ಚು ಜಗಳವಾಡಿದವರು ಮಾತ್ರ ನಾವಲ್ಲ, ಅಮೆರಿಕದವರು. ನಮ್ಮ ತಂಡದ ಒಬ್ಬಾತ ಡೆಟ್ರಾಯಿಟ್‌ನಲ್ಲಿದ್ದಾನೆ. ರಾತ್ರಿಯ ಕಾಲ್‌ಗಳಲ್ಲಿ ಸರ್ವರ್ ಏಳುವುದನ್ನು ಕಾಯುತ್ತ ಕೂತಾಗ ಬೇಸ್‌ಬಾಲ್ ಹೇಳಿಕೊಟ್ಟವನು ಅವನೇ. ಅಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಬ್ಯಾಟರ್‌ನ ಬೆಲೆ ಎಂದರೆ ಬ್ಯಾಟಿಂಗ್ ಸರಾಸರಿ. ಚೆಂಡನ್ನು ಹೊಡೆದು ಮೊದಲ ಬೇಸ್ ಸೇರಿದರೆ ಲೆಕ್ಕಕ್ಕಿದೆ. ಕೆಟ್ಟ ಚೆಂಡುಗಳನ್ನು ತಾಳ್ಮೆಯಿಂದ ಬಿಟ್ಟು, ನಾಲ್ಕು ಹಾಗೆ ಬಿದ್ದ ಮೇಲೆ ಪುಕ್ಕಟೆಯಾಗಿ ಬೇಸ್ ಸೇರಿದರೆ ಲೆಕ್ಕಕ್ಕಿಲ್ಲ. ಬೇಸ್ ಸೇರಿದ್ದು ಸೇರಿದ್ದೇ ಅಲ್ಲವೇ ಎಂದು ಕೇಳಿದವರಲ್ಲಿ ಬಿಲ್ ಜೇಮ್ಸ್ ಮುಖ್ಯ. ಆತ ಕಾನ್ಸಸ್‌ನ ಒಂದು ಆಹಾರ ಕಾರ್ಖಾನೆಯಲ್ಲಿ ರಾತ್ರಿ ಕಾವಲುಗಾರ. ಕಾವಲಿನ ನಡುವೆ ಅಂಕಿ ಬಿಡಿಸುತ್ತ 1977ರಲ್ಲಿ ತನ್ನ ಖರ್ಚಿನಲ್ಲೇ ಪುಸ್ತಕ ತಂದ. ಇಪ್ಪತ್ತೈದು ವರ್ಷದ ಮೇಲೆ, 2002ರಲ್ಲಿ, ಓಕ್‌ಲ್ಯಾಂಡ್ ತಂಡದ ಬಿಲ್ಲಿ ಬೀನ್ ಇದೇ ವಿಚಾರ ಹಿಡಿದು, ಬೇರೆಯವರು ಬೇಡವೆಂದ ಆಟಗಾರರನ್ನು ಕಡಿಮೆ ಸಂಬಳಕ್ಕೆ ತಂದು 103 ಪಂದ್ಯ ಗೆದ್ದ. ಅದರಲ್ಲಿ ಸತತ 20. ‘ಮನಿಬಾಲ್’ ಪುಸ್ತಕ, ಸಿನಿಮಾ ಎಲ್ಲ ಬಂದದ್ದು ಆ ಕತೆಯಿಂದ. ಅದೇ ತಂಡ ಆ ವರ್ಷ ನಾಕೌಟ್‌ನ ಮೊದಲ ಸುತ್ತಿನಲ್ಲೇ ಸೋತದ್ದನ್ನು ಮಾತ್ರ ಅಂಕಿಪ್ರಿಯರು ಮೆಲ್ಲಗೆ ಹೇಳುತ್ತಾರೆ.

ಡೆಟ್ರಾಯಿಟ್‌ನವನ ಜಗಳ 2012ರದು. ಅವನ ಊರಿನ ಮಿಗೆಲ್ ಕಬ್ರೇರಾ ಆ ವರ್ಷ ಸರಾಸರಿ, ಹೋಮ್ ರನ್, ತಂದುಕೊಟ್ಟ ರನ್ ಮೂರರಲ್ಲೂ ಲೀಗಿಗೇ ಮೊದಲಿಗ. 1967ರ ನಂತರ ಯಾರೂ ಮಾಡದ ಸಾಧನೆ. ಕ್ಯಾಲಿಫೋರ್ನಿಯಾದ ಏಂಜಲ್ಸ್ ತಂಡದಲ್ಲಿ ಮೈಕ್ ಟ್ರೌಟ್ ಎಂಬ ಹೊಸ ಹುಡುಗ. ಅವನ ಪರ ನಿಂತವರು ಇನ್ನೊಂದು ಪ್ರಶ್ನೆ ಕೇಳಿದರು: ಈತನನ್ನು ತೆಗೆದು, ಸುಲಭಕ್ಕೆ ಸಿಗುವ ಸಾಧಾರಣ ಆಟಗಾರನನ್ನು ಹಾಕಿದರೆ ತಂಡ ಎಷ್ಟು ಗೆಲುವು ಕಳೆದುಕೊಳ್ಳುತ್ತದೆ? ಬ್ಯಾಟಿಂಗ್, ಓಟ, ಫೀಲ್ಡಿಂಗ್ ಎಲ್ಲ ಸೇರಿಸಿದ ಆ ಲೆಕ್ಕದಲ್ಲಿ ಟ್ರೌಟ್ ಹತ್ತರ ಮೇಲೆ, ಕಬ್ರೇರಾ ಏಳರ ಆಸುಪಾಸು. ಪತ್ರಕರ್ತರ ಮತದಾನದಲ್ಲಿ 28ರಲ್ಲಿ 22 ಮೊದಲ ಸ್ಥಾನದ ಮತ ಕಬ್ರೇರಾಗೆ ಬಿದ್ದವು. ಇವತ್ತಿಗೂ ಡೆಟ್ರಾಯಿಟ್‌ನವನಿಗೆ ಟ್ರೌಟ್ ಎಂದರೆ ಆಗುವುದಿಲ್ಲ.

‘ಈತ ಇಲ್ಲದಿದ್ದರೆ ಏನಾಗುತ್ತಿತ್ತು’ ಎಂಬ ಆ ಪ್ರಶ್ನೆ ನನಗೆ ಇಷ್ಟ. ಆದರೆ ಕ್ರಿಕೆಟ್‌ಗೆ ಅದನ್ನು ತರುವುದು ಸುಲಭವಲ್ಲ. ಅಲ್ಲಿ ಒಂದು ತಂಡ ಒಂದು ಹಂಗಾಮಿನಲ್ಲಿ 162 ಪಂದ್ಯ ಆಡುತ್ತದೆ. ನಮ್ಮಲ್ಲಿ ಟೆಸ್ಟ್ ಆಟಗಾರನಿಗೆ ವರ್ಷಕ್ಕೆ ಹತ್ತು ಸಿಕ್ಕರೆ ಹೆಚ್ಚು, ಮೊದಲ ದಿನದ ಪಿಚ್ ಐದನೇ ದಿನಕ್ಕೆ ಇರುವುದಿಲ್ಲ, ಹೆಡಿಂಗ್ಲಿಯ ರನ್ ಬೇರೆ, ರಾಜಕೋಟೆಯ ರನ್ ಬೇರೆ. 2002ರ ಹೆಡಿಂಗ್ಲಿಯನ್ನೇ ತೆಗೆದುಕೊಳ್ಳಿ. ಜನರ ನೆನಪಿನಲ್ಲಿರುವುದು ಸಚಿನ್ 193, ಗಂಗೂಲಿ 128. ಮೊದಲ ದಿನ ಚೆಂಡು ಅತ್ತಿತ್ತ ಓಡುತ್ತಿದ್ದಾಗ ಸಂಜಯ್ ಬಾಂಗರ್ ಜೊತೆ 170 ರನ್ ಸೇರಿಸಿ ನಿಂತವರು ರಾಹುಲ್ ದ್ರಾವಿಡ್. ಅವರ 148 ಮೂವರಲ್ಲಿ ಎರಡನೆಯದು, ಆದರೆ ಪಂದ್ಯಶ್ರೇಷ್ಠ ಅವರೇ. ದ್ರಾವಿಡ್ ಟೆಸ್ಟ್‌ಗಳಲ್ಲಿ ಎದುರಿಸಿದ ಚೆಂಡುಗಳು 31,258; ಅಷ್ಟು ಚೆಂಡು ಆಡಿದವರು ಜಗತ್ತಿನಲ್ಲಿ ಇನ್ನೊಬ್ಬರಿಲ್ಲ. ಈ ಸಂಖ್ಯೆಯನ್ನು ಅವರು ಆಡುತ್ತಿದ್ದ ಕಾಲದಲ್ಲಿ ಎಷ್ಟು ಜನ ಲೆಕ್ಕ ಇಟ್ಟರು? ನಮ್ಮ ಕಚೇರಿಗಳಲ್ಲೂ ಹೀಗೇ. ನಾನು ಮೊದಲು ಕೆಲಸ ಮಾಡಿದ ಒಂದು ಕಂಪನಿಯಲ್ಲಿ ವರ್ಷದ ಅಪ್ರೈಸಲ್ ನಡೆಯುತ್ತಿದ್ದುದು ಮುಗಿಸಿದ ಟಿಕೆಟ್‌ಗಳ ಎಣಿಕೆಯ ಮೇಲೆ. ಹಾಸನದ ಕಡೆಯ ಒಬ್ಬ ಗೆಳೆಯ ಡೇಟಾಬೇಸ್ ನೋಡಿಕೊಳ್ಳುತ್ತಿದ್ದ. ಅವನ ಡೇಟಾಬೇಸ್ ಒಮ್ಮೆಯೂ ಕೆಡಲಿಲ್ಲವಾದ್ದರಿಂದ ಅವನ ಹೆಸರಲ್ಲಿ ಟಿಕೆಟ್‌ಗಳೇ ಇರಲಿಲ್ಲ. ರೇಟಿಂಗ್ ಕೆಳಗೆ ಬಂತು. ಅವನು ಈಗ ಪುಣೆಯಲ್ಲಿ ಸುಖವಾಗಿದ್ದಾನೆ.

ಟೆಸ್ಟ್‌ನಲ್ಲಿ ಚೆಂಡುಗಳಿಗೆ ಬರವಿಲ್ಲ, ವಿಕೆಟ್‌ಗೆ ಬರ. ಅದಕ್ಕೇ ಔಟಾಗದೆ ನಿಲ್ಲುವವನಿಗೆ ಬೆಲೆ, ಅದಕ್ಕೇ ಸರಾಸರಿ ಎಂಬ ಅಳತೆ ಅಲ್ಲಿ ಸುಮಾರಾಗಿ ಕೆಲಸ ಮಾಡುತ್ತದೆ. ಟಿ20ಯಲ್ಲಿ ತಿರುಗುಮುರುಗು. ಇರುವುದೇ 120 ಚೆಂಡು, ಅಷ್ಟಕ್ಕೆ ಹತ್ತು ವಿಕೆಟ್. ಎಷ್ಟೋ ಸಲ ಓವರ್ ಮುಗಿದಾಗ ನಾಲ್ಕೈದು ವಿಕೆಟ್ ಉಳಿದೇ ಇರುತ್ತವೆ. ಉಳಿದ ವಿಕೆಟ್ ಯಾವ ಬ್ಯಾಂಕಿಗೂ ಜಮಾ ಆಗುವುದಿಲ್ಲ. ಹಾಗಾಗಿ ಅಲ್ಲಿ ಚೆಂಡಿಗೆ ಬೆಲೆ, ಸ್ಟ್ರೈಕ್‌ರೇಟ್‌ಗೆ ಬೆಲೆ. ಈ ಬದಲಾವಣೆಯ ಏಟು ಜೋರಾಗಿ ಬಿದ್ದದ್ದು ನಮ್ಮ ಕೆ.ಎಲ್. ರಾಹುಲ್ ಮೇಲೆ. ನಾನು ಎಂ.ಟೆಕ್ ಮಾಡಿದ್ದು ಅವರು ಬೆಳೆದ ಸುರತ್ಕಲ್‌ನಲ್ಲೇ. ಅವರ ವಿಷಯ ಬಂದರೆ ನಾನು ನಿಷ್ಪಕ್ಷಪಾತಿಯಲ್ಲ, ಓದುಗರು ಅಷ್ಟು ಕಳೆದು ಓದಿಕೊಳ್ಳಬಹುದು. 2020ರ ಐಪಿಎಲ್‌ನಲ್ಲಿ ಅವರು 670 ರನ್ ಗಳಿಸಿ ಕಿತ್ತಳೆ ಟೋಪಿ ತೊಟ್ಟರು, ಸ್ಟ್ರೈಕ್‌ರೇಟ್ 129. ಪಂಜಾಬ್ ತಂಡ ಎಂಟರಲ್ಲಿ ಆರನೆಯದಾಯಿತು. ‘ತನ್ನ ರನ್‌ಗಾಗಿ ನಿಧಾನ ಆಡಿ ತಂಡ ಮುಳುಗಿಸಿದ’ ಎಂದರು ಜನ. ಸರಿ, 2018 ನೋಡೋಣ. ಅದೇ ರಾಹುಲ್, ಅದೇ ಪಂಜಾಬ್, 659 ರನ್, ಸ್ಟ್ರೈಕ್‌ರೇಟ್ 158. ಹದಿನಾಲ್ಕು ಚೆಂಡುಗಳಲ್ಲಿ ಅರ್ಧಶತಕ ಹೊಡೆದ ವರ್ಷ. ಆ ಸಲ ತಂಡ ಏಳನೆಯದು! ಒಬ್ಬನ ಸ್ಟ್ರೈಕ್‌ರೇಟ್‌ಗೂ ತಂಡದ ಸ್ಥಾನಕ್ಕೂ ನೇರ ಗಂಟು ಹಾಕುವವರು ಈ ಎರಡು ವರ್ಷಗಳನ್ನು ನೋಡಬೇಕು. ಹಾಗೆಂದು 2020ರ ನಿಧಾನ ಸರಿ ಎಂದೂ ನಾನು ಹೇಳುವುದಿಲ್ಲ. 158ರ ವೇಗದಲ್ಲಿ ಆಡಬಲ್ಲವನು 129ಕ್ಕೆ ಇಳಿದರೆ ಕೇಳುವ ಹಕ್ಕು ನೋಡುಗನಿಗಿದೆ.

2023ರ ವಿಶ್ವಕಪ್ ಫೈನಲ್ ಮರುದಿನ ದಹಿಸರ್‌ನ ಮೆಟ್ರೊ ಸ್ಟೇಷನ್ ಸಾವಿನ ಮನೆಯಂತಿತ್ತು. ರಾಹುಲ್ 107 ಚೆಂಡುಗಳಲ್ಲಿ 66. ಎಲ್ಲರ ಬೆರಳೂ ಅವರ ಕಡೆಗೆ. ಬೋರಿವಲಿಯ ರೋಹಿತ್ 31 ಚೆಂಡುಗಳಲ್ಲಿ 47, ಅದಕ್ಕೆ ಹೊಗಳಿಕೆ. ನಾಲ್ಕು ದಿನ ಮೊದಲು ವಾಂಖೆಡೆಯ ಸೆಮಿಫೈನಲ್‌ನಲ್ಲೂ ರೋಹಿತ್ ಹೊಡೆದದ್ದು 47, 29 ಚೆಂಡುಗಳಲ್ಲಿ. ಒಂದು 47ಕ್ಕೆ ಗೆಲುವು, ಇನ್ನೊಂದಕ್ಕೆ ಸೋಲು. ಎರಡೂ ಅರ್ಧಶತಕದ ಕಾಲಂನಲ್ಲಿ ಸೊನ್ನೆ. ಶತಕಗಳನ್ನು ಎಣಿಸಿಯೇ ದೊಡ್ಡವರಾದ ಮುಂಬಯಿಯವರು ನಲವತ್ತೇಳನ್ನು ಕೊಂಡಾಡುವುದನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು. ಹಾಗಿದ್ದರೆ ವಿಶಿಯ ತೊಂಬತ್ತೇಳನ್ನೂ ಒಪ್ಪಿಕೊಳ್ಳಿ ಎಂದೆ. ಆ ದಿನ ಮಾತ್ರ ಸ್ನೇಹಿತ ಏನೂ ಹೇಳಲಿಲ್ಲ.

ಇಷ್ಟೆಲ್ಲ ನನಗೆ ಬರೀ ಹರಟೆಯ ವಸ್ತುವಾಗಿತ್ತು, ನಮ್ಮ ಕಟ್ಟಡದ ಒಬ್ಬ ಹುಡುಗನ ವಿಷಯ ಬರುವವರೆಗೆ. ಹದಿಮೂರು ವರ್ಷ, ವಿಕೆಟ್ ಕೀಪರ್. ತಂದೆ ಕುಂದಾಪುರದ ಕಡೆಯವರು, ದಹಿಸರ್ ಪೂರ್ವದಲ್ಲಿ ಸಣ್ಣ ಹೋಟೆಲು. ಹುಡುಗ ಬೆಳಿಗ್ಗೆ ಐದಕ್ಕೆ ಎದ್ದು, ತನ್ನಷ್ಟೇ ಎತ್ತರದ ಕಿಟ್ ಚೀಲ ಹೊತ್ತು ಲೋಕಲ್ ಹಿಡಿಯುತ್ತಾನೆ. ಕೋಚಿಂಗ್ ನಡೆಸುವವರು ಈಗ ಎಲ್ಲವನ್ನೂ ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸುತ್ತಾರೆ, ಮುಂದಿನ ಬ್ಯಾಚಿಗೆ ಆಯ್ಕೆ ಮಾಡುವಾಗ ಅದರ ಅಂಕಗಳನ್ನು ನೋಡುತ್ತಾರೆ. ಎಂಟನೇ ಕ್ರಮಾಂಕದಲ್ಲಿ ಬರುವ ಹುಡುಗನಿಗೆ ರನ್ ಎಲ್ಲಿಂದ ಬರಬೇಕು? ಕ್ಯಾಚು, ಸ್ಟಂಪಿಂಗು ಆ್ಯಪ್‌ನಲ್ಲಿ ಬರುತ್ತವೆ, ನಿಜ. ಬೈ ರನ್ ಕೂಡ ಬರುತ್ತದೆ, ಆದರೆ ಅದು ತಂಡದ ಲೆಕ್ಕಕ್ಕೆ ಹೋಗುತ್ತದೆ. ಯಾವ ಕೀಪರ್ ಎಷ್ಟು ಬಿಟ್ಟ, ಎಷ್ಟು ತಡೆದ ಎಂಬುದು ಅವನ ಹೆಸರಿಗೆ ಬರುವುದಿಲ್ಲ. ‘ನೀವು ಇಂಜಿನಿಯರ್ ಅಲ್ದಾ, ಇದಕ್ಕೊಂದು ಲೆಕ್ಕ ಮಾಡಿ ಕೊಡಿ ಮಾರಾಯ್ರೆ’ ಎಂದರು ಅವನ ತಂದೆ. ‘ಅವ್ರಿಗೆ ತೋರ್ಸುಕೆ ನಮ್ಮತ್ರ ಒಂದು ಕಾಗದ ಆದ್ರೂ ಬೇಕಲ್ಲ.’

ಹೀಗೆ ನಾಲ್ಕು ತಿಂಗಳಿಂದ ಭಾನುವಾರ ನಾನು ಬೌಂಡರಿ ಗೆರೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಲೆಗ್ ಸೈಡಿಗೆ ಬಿದ್ದ ಚೆಂಡು ಎಷ್ಟು, ಅದರಲ್ಲಿ ಹಿಡಿದದ್ದು ಎಷ್ಟು, ಫೀಲ್ಡರ್‌ನ ಕೆಟ್ಟ ಥ್ರೋ ತಡೆದು ಉಳಿಸಿದ ರನ್ ಎಷ್ಟು ಎಂದು ಬರೆದುಕೊಳ್ಳುತ್ತೇನೆ. ಎದುರು ತಂಡದ ಕೀಪರ್‌ನ ಲೆಕ್ಕವನ್ನೂ ಇಡುತ್ತೇನೆ, ಹೋಲಿಕೆ ಇಲ್ಲದ ಸಂಖ್ಯೆಗೆ ಅರ್ಥವಿಲ್ಲ. ಇದನ್ನು ಬರೆಯುವಾಗಲೆಲ್ಲ ಸಯ್ಯದ್ ಕಿರ್ಮಾನಿ ನೆನಪಾಗುತ್ತಾರೆ. 1983ರ ವಿಶ್ವಕಪ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಔಟಾಗದೆ 175 ಹೊಡೆದದ್ದು ಎಲ್ಲರಿಗೂ ಗೊತ್ತು. ಒಂಬತ್ತನೇ ವಿಕೆಟ್‌ಗೆ ಅವರೊಂದಿಗೆ ಮುರಿಯದ 126 ರನ್ ಸೇರಿಸಿದ ಕಿರ್ಮಾನಿಯವರದು 24. ಅಷ್ಟು ಹೊತ್ತು ಆ ತುದಿಯಲ್ಲಿ ಒಬ್ಬರು ನಿಲ್ಲದೇ ಹೋಗಿದ್ದರೆ ಕಪಿಲ್ 175 ಎಲ್ಲಿಂದ ಬರುತ್ತಿತ್ತು? ಹುಡುಗನ ಆಯ್ಕೆ ಮೇ ತಿಂಗಳಲ್ಲಿ. ನನ್ನ ಶೀಟನ್ನು ಕೋಚ್ ನೋಡುತ್ತಾರೋ ಇಲ್ಲವೋ, ಕೊಡುವುದಂತೂ ಕೊಡುತ್ತೇನೆ.

ಯಾಕೆಂದರೆ ಕಣ್ಣಿನ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ಕಣ್ಣು ಎದುರಿಗಿದ್ದವರನ್ನು ನೋಡುತ್ತದೆ. ದಿನೇಶ್ ಲಾಡ್ ಎಂಬ ಕೋಚ್ ಒಂದು ಪಂದ್ಯದಲ್ಲಿ ಬೌಲಿಂಗ್ ಮಾಡುತ್ತಿದ್ದ ರೋಹಿತ್‌ನನ್ನು ಕಂಡು, ಫೀಸು ಮಾಫಿ ಮಾಡಿಸಿ ತಮ್ಮ ಶಾಲೆಗೆ ಸೇರಿಸಿಕೊಂಡರು. ಅದು ಕಣ್ಣಿನ ಗೆಲುವು, ಒಪ್ಪುತ್ತೇನೆ. ಆದರೆ ಅಂಥ ಕಣ್ಣಿನ ಮುಂದೆ ಎಷ್ಟು ಹುಡುಗರು ಬರುತ್ತಾರೆ? ವಿರಾರ್‌ನಿಂದ ಲೋಕಲ್‌ನಲ್ಲಿ ಬರುತ್ತಿದ್ದ ಪೃಥ್ವಿ ಶಾ 2013ರ ಹ್ಯಾರಿಸ್ ಶೀಲ್ಡ್‌ನಲ್ಲಿ 546 ಹೊಡೆದ ಮೇಲೆ ಇಡೀ ದೇಶ ಅವನತ್ತ ತಿರುಗಿತು. ಪರಿಚಯದವರಿಲ್ಲದ ಊರಿನಲ್ಲಿ ಮೊದಲು ಮಾತಾಡುವುದು ಸಂಖ್ಯೆಯೇ. ಹೊರನಾಡಿಗೆ ಕೆಲಸಕ್ಕೆ ಬಂದ ನಮಗೆಲ್ಲ ಇದು ಗೊತ್ತು. ಇಲ್ಲಿ ಯಾರಿಗೂ ನಮ್ಮ ಮನೆತನ ಗೊತ್ತಿಲ್ಲ, ಮೇಷ್ಟ್ರು ಗೊತ್ತಿಲ್ಲ, ಬಯೋಡೇಟಾದಲ್ಲಿ ಇದ್ದದ್ದಷ್ಟೇ ನಾವು.

ಕರುಣ್ ನಾಯರ್ ಕತೆಯೂ ಇದೇ. 2016ರ ಡಿಸೆಂಬರ್‌ನಲ್ಲಿ, ಮತ್ತೆ ಅದೇ ಚೆಪಾಕ್‌ನಲ್ಲಿ, ಇಂಗ್ಲೆಂಡ್ ವಿರುದ್ಧ ಔಟಾಗದೆ 303. ಸೆಹ್ವಾಗ್ ಬಿಟ್ಟರೆ ಭಾರತದ ಪರ ತ್ರಿಶತಕ ಹೊಡೆದವರು ಅವರೊಬ್ಬರೇ. ಮುಂದಿನ ಟೆಸ್ಟ್‌ಗೇ ಹನ್ನೊಂದರಲ್ಲಿ ಜಾಗವಿರಲಿಲ್ಲ. 2017ರ ನಂತರ ಭಾರತ ತಂಡದ ಬಾಗಿಲು, ಆಮೇಲೆ ಕರ್ನಾಟಕ ತಂಡದ ಬಾಗಿಲೂ ಮುಚ್ಚಿತು. 2023ರಲ್ಲಿ ಅವರು ವಿದರ್ಭಕ್ಕೆ ಹೋದರು. ಕೆಲಸ ಹುಡುಕಿಕೊಂಡು ಮಹಾರಾಷ್ಟ್ರಕ್ಕೆ ಬಂದ ಕನ್ನಡಿಗರ ಸಾಲಿಗೆ ಇನ್ನೊಬ್ಬರು. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಎಂಟು ಇನಿಂಗ್ಸ್, ಐದು ಶತಕ, 779 ರನ್, ಔಟಾದದ್ದು ಎರಡೇ ಸಲ. ಸರಾಸರಿ 389.50! ಇಂಥ ಸಂಖ್ಯೆ ನೋಡಿದಾಗ ಸರಾಸರಿ ಎಂಬ ಅಳತೆಯೇ ನಗುತ್ತ ಕೈಚೆಲ್ಲಿದಂತೆ ಕಾಣುತ್ತದೆ. ಆ ಟೂರ್ನಿಯ ಒಂದೇ ಇನಿಂಗ್ಸ್‌ನಲ್ಲಿ ಯಾರೂ 389 ಹೊಡೆಯುವವರಿಲ್ಲ. ಫೈನಲ್‌ನಲ್ಲಿ ಎದುರಾದದ್ದು ಕರ್ನಾಟಕ. ಪ್ರಸಿದ್ಧ ಕೃಷ್ಣ ಅವರನ್ನು 27ಕ್ಕೆ ಬೌಲ್ಡ್ ಮಾಡಿದರು, ನಾವು 36 ರನ್‌ಗಳಿಂದ ಗೆದ್ದೆವು. ಆ ಸಂಜೆ ಸಂತೋಷಪಡಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ಆ ಹಂಗಾಮಿನ ರಣಜಿಯಲ್ಲಿ 863 ರನ್ ಗಳಿಸಿ ವಿದರ್ಭಕ್ಕೆ ಟ್ರೋಫಿ ಗೆಲ್ಲಿಸಿಕೊಟ್ಟ ಮೇಲೆ, ಎಂಟು ವರ್ಷದ ಬಳಿಕ, ಅವರು ಇಂಗ್ಲೆಂಡ್‌ಗೆ ಹೊರಟರು. ಸಂಖ್ಯೆ ಬಾಗಿಲು ತೆರೆಸಿತು. ಅಲ್ಲಿ ನಾಲ್ಕು ಟೆಸ್ಟ್, 205 ರನ್, ಸರಾಸರಿ 25.62. ಮುಂದಿನ ವೆಸ್ಟ್ ಇಂಡೀಸ್ ಸರಣಿಗೆ ಅವರ ಹೆಸರಿರಲಿಲ್ಲ, ದೇವದತ್ತ ಪಡಿಕ್ಕಲ್ ಬಂದರು. ಸಂಖ್ಯೆಯೇ ಬಾಗಿಲು ಮುಚ್ಚಿಸಿತು. ಎಂಟು ಇನಿಂಗ್ಸ್‌ಗಳ ಸರಾಸರಿ ನಂಬಲು ತೀರಾ ಕಡಿಮೆ; ವಿಜಯ್ ಹಜಾರೆಯ 389.50 ಎಷ್ಟು ನಂಬಲರ್ಹವೋ ಈ 25.62 ಕೂಡ ಅಷ್ಟೇ. ಆದರೂ ಮೂರು-ನಾಲ್ಕು ಸಲ ಮೂವತ್ತರ ಹತ್ತಿರ ನೆಲೆನಿಂತು ಔಟಾದವನ ಬಗ್ಗೆ ಆಯ್ಕೆದಾರರಿಗೆ ಸಂಶಯ ಬಂದರೆ ಅವರನ್ನು ಬೈಯಲಾರೆ.

ಆ ಎಂಟು ಇನಿಂಗ್ಸ್‌ಗಳಲ್ಲಿ ಒಂದೇ ಒಂದು ಅರ್ಧಶತಕ. ಓವಲ್, 2025ರ ಜುಲೈ 31, ಹಸಿರು ಪಿಚ್. ಭಾರತ 224ಕ್ಕೆ ಆಲೌಟ್ ಆದ ಇನಿಂಗ್ಸ್‌ನಲ್ಲಿ ಅತಿ ಹೆಚ್ಚು ರನ್ ಕರುಣ್ ಅವರದು, 57. ಆ ಪಂದ್ಯವನ್ನು ಭಾರತ ಗೆದ್ದದ್ದು 6 ರನ್‌ಗಳಿಂದ. ಸಿರಾಜ್ ಜೊತೆಗೆ ಎಂಟು ವಿಕೆಟ್ ಪಡೆದು ಗೆಲ್ಲಿಸಿದವರು ಅದೇ ಪ್ರಸಿದ್ಧ ಕೃಷ್ಣ. ಆ ಮೊದಲ ದಿನವೇ ಕರುಣ್ ಹೊಡೆದ ಒಂದು ಚೆಂಡನ್ನು ಬೌಂಡರಿ ಬಳಿ ತಡೆಯಲು ಹಾರಿದ ಕ್ರಿಸ್ ವೋಕ್ಸ್ ಭುಜಕ್ಕೆ ಪೆಟ್ಟು ಮಾಡಿಕೊಂಡು ನೆಲದ ಮೇಲೆ ಬಿದ್ದಿದ್ದರು. ಬ್ಯಾಟರ್‌ಗಳು ಮೂರು ರನ್ ಓಡಿಯಾಗಿತ್ತು, ನಾಲ್ಕನೆಯದು ಸುಲಭಕ್ಕಿತ್ತು. ಕರುಣ್ ಕೈ ತೋರಿಸಿ ಜೊತೆಗಾರ ವಾಷಿಂಗ್ಟನ್ ಸುಂದರ್ ಅವರನ್ನು ತಡೆದರು. ಸ್ಕೋರ್ ಪುಸ್ತಕದಲ್ಲಿ ಆ ಚೆಂಡಿನ ಮುಂದೆ 3 ಎಂದು ಬರೆದಿದೆ.